ನರೆಗೆ ಹಚ್ಚುವ ಬಣ್ಣ



ನಾನು ವೈದ್ಯನಲ್ಲ, ರಸಾಯನಶಾಸ್ತ್ರವನ್ನು ಓದಿದವನೂ ಅಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತನಾಗಿ, ಈಗ ಹುಟ್ಟೂರಾದ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಲ್ಲಿ ನೆಲೆಸಿರುವವನು. ಅಂಥವನು ಕೂದಲಿಗೆ ಹಚ್ಚುವ ಬಣ್ಣದ ವಿಷಯವಾಗಿ ಮಾತನಾಡಲು ಹೊರಟಿರುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ಈ ವಿಷಯದಲ್ಲಿ ನನಗೆ ಒಂದು ಅರ್ಹತೆಯಿದೆ. ಅದು ಪೆಟ್ಟು ತಿಂದವನ ಅರ್ಹತೆ. ಪೆಟ್ಟು ತಿಂದ ಮೇಲೆ ಬಲ್ಲವರನ್ನು ಕೇಳಿ, ಓದಿ, ತಿಳಿದುಕೊಂಡುದನ್ನು ನಿಮ್ಮ ಮುಂದಿಡುವುದಷ್ಟೇ ನನ್ನ ಉದ್ದೇಶ.

ಎರಡು ವರ್ಷಗಳ ಹಿಂದಿನ ಮಾತು. ತಂಗಿಯ ಹಿರಿಯ ಮಗಳ ಮದುವೆ ಹೊನ್ನಾಳಿಯಲ್ಲಿ ಭಾನುವಾರಕ್ಕೆ ಗೊತ್ತಾಗಿತ್ತು. ಹೆಣ್ಣನ್ನು ಹಸೆಗೆ ಕರೆತರುವುದು ನಮ್ಮ ಕಡೆ ಸೋದರಮಾವನ ಹಕ್ಕು. ಹಕ್ಕು ಎನ್ನುವುದಕ್ಕಿಂತ ಸುಖ ಎನ್ನಬೇಕು. ನಾಲ್ಕು ಜನ ನೋಡುವ ಹೊತ್ತಿನಲ್ಲಿ ತಲೆ ಬೆಳ್ಳಗೆ ಕಾಣಬಾರದೆಂದು ಶುಕ್ರವಾರ ರಾತ್ರಿ ಎಂದಿನಂತೆ ಅಂಗಡಿಯಿಂದ ಒಂದು ಪುಡಿಯ ಪೊಟ್ಟಣ ತರಿಸಿ, ನೀರಿನಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಲೆಗೂ ಮೀಸೆಗೂ ಹಚ್ಚಿಕೊಂಡೆ. ಇದು ಹೊಸ ಅಭ್ಯಾಸವಾಗಿರಲಿಲ್ಲ. ಇಪ್ಪತ್ತು ವರ್ಷಗಳಿಂದ ತಿಂಗಳಿಗೊಮ್ಮೆ ತಪ್ಪದೆ ನಡೆದುಬಂದ ವ್ರತವಿದು. ಹಿಂದಿನ ಎರಡು ಮೂರು ಸಲ ಹಚ್ಚಿಕೊಂಡಾಗ ಕಿವಿಯ ಹಿಂದೆ ತುರಿಕೆಯೂ ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳೂ ಕಾಣಿಸಿಕೊಂಡದ್ದುಂಟು. ಬೇಸಗೆಯ ಸೆಕೆಯೆಂದುಕೊಂಡೆ, ಒಮ್ಮೆ ಸೋಪನ್ನು ಬದಲಾಯಿಸಿದೆ. ಬಣ್ಣದ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಇಪ್ಪತ್ತು ವರ್ಷ ಒಗ್ಗಿದ ವಸ್ತುವಲ್ಲವೆ!

ಶನಿವಾರ ಸಂಜೆ ತಲೆ ಉರಿಯತೊಡಗಿತು. ರಾತ್ರಿ ಹಣೆ ಕೆಂಪಾಗಿ ಬಿಗಿಯಿತು. ಭಾನುವಾರ ಬೆಳಗ್ಗೆ ಎದ್ದಾಗ ಕಣ್ಣು ತೆರೆಯಲಾಗಲಿಲ್ಲ. ಎರಡೂ ರೆಪ್ಪೆಗಳು ಊದಿ ಮುಚ್ಚಿಕೊಂಡಿದ್ದವು, ಕಿವಿಗಳು ದಪ್ಪವಾಗಿ ಅವುಗಳಿಂದ ನೀರು ಒಸರುತ್ತಿತ್ತು, ಮೇಲ್ತುಟಿ ನನ್ನದೆನಿಸುತ್ತಿರಲಿಲ್ಲ. ಹಾಗೆಯೇ ಕೈಹಿಡಿದು ಕಲ್ಯಾಣಮಂಟಪಕ್ಕೆ ಕರೆದೊಯ್ದರು. ಹಿಂದಿನ ಕೋಣೆಯೊಂದರಲ್ಲಿ ಕುಳಿತೆ. ಮದುಮಗಳು ನಮಸ್ಕರಿಸಲು ಬಂದಾಗ ಅವಳ ಬಳೆಯ ಸದ್ದು ಕೇಳಿತೇ ಹೊರತು ಮುಖ ಕಾಣಲಿಲ್ಲ. “ಮಾವಾ, ನಿಮಗೇನಾಯಿತು?” ಎಂದಳು. ಅವಳನ್ನು ಹಸೆಗೆ ಕರೆದುಕೊಂಡು ಹೋದವನು ನನ್ನ ತಮ್ಮ. ಓಲಗದ ಸದ್ದಿನಿಂದ ಧಾರೆಯ ಹೊತ್ತನ್ನು ತಿಳಿದುಕೊಂಡು ಕೋಣೆಯಲ್ಲಿಯೇ ಅಕ್ಷತೆ ಹಾಕಿದೆ.

ಅಂದು ಮಧ್ಯಾಹ್ನವೇ ದಾವಣಗೆರೆಗೆ ಕರೆದೊಯ್ದರು. ಚರ್ಮವೈದ್ಯೆಯೊಬ್ಬರು ಪರೀಕ್ಷಿಸಿದರು. ನನ್ನ ವೃತ್ತಿಯನ್ನು ಕೇಳಿ ತಿಳಿದ ಮೇಲೆ ಅವರು ಸಾವಧಾನವಾಗಿ ಒಂದು ಪ್ರಶ್ನೆ ಹಾಕಿದರು: “ಸಾರ್, ಪೊಟ್ಟಣದ ಒಳಗಿದ್ದ ಚೀಟಿಯನ್ನು ಓದಿದ್ದಿರಾ?”

“ಇಲ್ಲಮ್ಮ” ಎಂದೆ. ಉರಿಗಿಂತ ಆ ಉತ್ತರವೇ ನನ್ನನ್ನು ಹೆಚ್ಚು ನೋಯಿಸಿತು. ಮಳೆಗಾಳಿಗೆ ಸವೆದ ವೀರಗಲ್ಲುಗಳ ಮುಂದೆ ಮಂಡಿಯೂರಿ, ಹಿಟ್ಟು ಬಳಿದು, ಅಕ್ಷರ ಅಕ್ಷರವನ್ನೂ ಬಿಡಿಸಿ ಓದಿದವನು ನಾನು. ಹುಳು ತಿಂದ ತಾಳೆಗರಿಯ ಪಾಠವನ್ನು ಊಹಿಸಿ ವಿದ್ಯಾರ್ಥಿಗಳಿಗೆ ತೋರಿಸಿದವನು. ಇಪ್ಪತ್ತು ವರ್ಷ, ತಿಂಗಳಿಗೊಂದರಂತೆ ಕೈಗೆ ಬಂದ ಚೀಟಿಯನ್ನು ಮಾತ್ರ ಒಮ್ಮೆಯೂ ಓದದೆ ಕಸಕ್ಕೆ ಎಸೆದಿದ್ದೆ.

ಕಣ್ಣು ತೆರೆದ ಮೇಲೆ ಮಾಡಿದ ಮೊದಲ ಕೆಲಸ ಅದನ್ನು ಹುಡುಕಿಸಿ ತರಿಸಿ ಓದಿದ್ದು. ನಮ್ಮೂರಿನ ಹೆಸರಿನಲ್ಲಿ ಸಾಸಿವೆಯಿದೆ; ಆ ಚೀಟಿಯ ಅಕ್ಷರಗಳು ಸಾಸಿವೆಗಿಂತಲೂ ಸಣ್ಣವು. ಭೂತಕನ್ನಡಿ ಹಿಡಿದು ಓದಿದೆ. ಅದರ ತಾತ್ಪರ್ಯ ಇಷ್ಟು. ಈ ಪದಾರ್ಥವು ಕೆಲವರಲ್ಲಿ ಚರ್ಮದ ತೀವ್ರ ಉರಿಯೂತವನ್ನು ಉಂಟುಮಾಡಬಹುದು. ಆದುದರಿಂದ ಮೊದಲು ಪರೀಕ್ಷೆ ಮಾಡಿಕೊಳ್ಳಬೇಕು. ಕಿವಿಯ ಹಿಂದೆಯೋ ಮುಂಗೈಯ ಒಳಬದಿಯಲ್ಲೋ ಚರ್ಮವನ್ನು ತೊಳೆದು, ಕಲಸಿದ ಬಣ್ಣವನ್ನು ತುಸು ಹಚ್ಚಿ, ಒಣಗಲು ಬಿಟ್ಟು, 24 ಗಂಟೆಗಳ ಬಳಿಕ ತೊಳೆದು ನೋಡಬೇಕು. ಕೆಂಪಾಗಲಿ ತುರಿಕೆಯಾಗಲಿ ಇಲ್ಲದಿದ್ದರೆ ಮಾತ್ರ ತಲೆಗೆ ಹಚ್ಚಬಹುದು. ಈ ಪರೀಕ್ಷೆಯನ್ನು ಪ್ರತಿಯೊಂದು ಸಲವೂ ಮಾಡಬೇಕು. ಹುಬ್ಬಿಗಾಗಲಿ ರೆಪ್ಪೆಗೂದಲಿಗಾಗಲಿ ಯಾವ ಕಾರಣಕ್ಕೂ ಹಚ್ಚಕೂಡದು. ಹಚ್ಚಿದರೆ ಕುರುಡಾಗುವ ಸಂಭವವುಂಟು.

ಇದು ತಯಾರಕರು ಉದಾರವಾಗಿ ಕೊಟ್ಟ ಸಲಹೆಯೆಂದು ಭಾವಿಸಬೇಡಿ. ಇದು ಕಾನೂನು. ನಮ್ಮ ದೇಶದ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯ ಅಡಿಯಲ್ಲಿರುವ 1945ರ ನಿಯಮಾವಳಿಯಲ್ಲಿ ಕೂದಲ ಬಣ್ಣಕ್ಕೆ ಈ ಎಚ್ಚರಿಕೆಯನ್ನು ವಿಧಿಸಲಾಗಿತ್ತು. 2020ರಲ್ಲಿ ಕಾಂತಿವರ್ಧಕಗಳಿಗೇ ಪ್ರತ್ಯೇಕ ನಿಯಮಾವಳಿ ಬಂದಾಗಲೂ ಅದನ್ನು ಉಳಿಸಿಕೊಳ್ಳಲಾಯಿತು. ಎಚ್ಚರಿಕೆಯು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಗಳಲ್ಲಿಯೂ ಇರಬೇಕೆಂಬುದು ನಿಯಮ. ಅಂದರೆ ಕನ್ನಡಿಗನಿಗೆ ಕನ್ನಡದಲ್ಲಿ ಹೇಳಲೇಬೇಕೆಂದು ಕಾನೂನು ಕಟ್ಟುಮಾಡಿದೆ. ಹೇಳಿದ್ದಾರೆ, ನಾವು ಕೇಳಿಸಿಕೊಂಡಿಲ್ಲ.

ಹಸ್ತಪ್ರತಿಗಳ ಅಭ್ಯಾಸವಿದ್ದ ನನಗೆ ಈ ಪಾಠದ ಮೂಲವೆಲ್ಲಿ ಎಂಬ ಕುತೂಹಲ ಹುಟ್ಟಿತು. ಮೂಲ ಅಮೆರಿಕದಲ್ಲಿದೆ. 1933ರ ಸುಮಾರಿಗೆ ಅಲ್ಲಿ ರೆಪ್ಪೆಗೂದಲನ್ನು ಕಪ್ಪು ಮಾಡುವ ‘ಲ್ಯಾಷ್ ಲೂರ್’ ಎಂಬ ಬಣ್ಣ ಮಾರಾಟವಾಗುತ್ತಿತ್ತು. ಅದನ್ನು ಹಚ್ಚಿಸಿಕೊಂಡ ಹಲವು ಮಹಿಳೆಯರ ಕಣ್ಣುಗಳು ಹುಣ್ಣಾದವು. ದೃಷ್ಟಿ ಕಳೆದುಕೊಂಡವರಿದ್ದರು, ಪ್ರಾಣಹಾನಿಯೂ ಆಯಿತು. ಆ ಕಾಲದ ಕಾನೂನಿಗೆ ಅದನ್ನು ತಡೆಯುವ ಅಧಿಕಾರವಿರಲಿಲ್ಲ. 1938ರಲ್ಲಿ ಹೊಸ ಕಾನೂನು ಬಂತು. ರೆಪ್ಪೆಗೂ ಹುಬ್ಬಿಗೂ ಬಣ್ಣ ನಿಷಿದ್ಧವಾಯಿತು. ತಲೆಗೂದಲಿನ ಬಣ್ಣಕ್ಕೆ, ಎಚ್ಚರಿಕೆಯ ಮಾತನ್ನು ಅಚ್ಚು ಹಾಕಬೇಕೆಂಬ ಷರತ್ತಿನ ಮೇಲೆ, ಅವಕಾಶ ಸಿಕ್ಕಿತು. ಆ ಮಾತೇ ಹೆಚ್ಚು ಕಡಿಮೆ ಅದೇ ರೂಪದಲ್ಲಿ ನಮ್ಮ ನಿಯಮದಲ್ಲಿದೆ. ಸಾಸ್ವೆಹಳ್ಳಿಯ ಅಂಗಡಿಯ ಪೊಟ್ಟಣದಲ್ಲಿರುವ ‘ಕುರುಡು’ ಎಂಬ ಒಂದು ಪದದ ಹಿಂದೆ ಎಂದೋ ಎಲ್ಲಿಯೋ ಕಣ್ಣು ಕಳೆದುಕೊಂಡ ಹೆಂಗಸರಿದ್ದಾರೆ.

ಇನ್ನು ಆ ಬಣ್ಣವೆಂದರೇನು ಎಂಬುದನ್ನು ನೋಡೋಣ.

ನಮ್ಮ ಸೀಮೆಯಲ್ಲಿ ಅಡಿಕೆ ಸುಲಿಯುವವರ ಬೆರಳುಗಳನ್ನು ನೀವು ನೋಡಿರುತ್ತೀರಿ. ಹಸಿ ಅಡಿಕೆಯ ಸೊನೆ ತಗಲಿದೊಡನೆ ಬೆರಳು ಕಪ್ಪಾಗುವುದಿಲ್ಲ. ಗಾಳಿ ತಾಗಿದಂತೆ ಕಪ್ಪಾಗುತ್ತದೆ, ಆಮೇಲೆ ತೊಳೆದರೆ ಹೋಗುವುದಿಲ್ಲ. ಹೆಚ್ಚಿಟ್ಟ ಬಾಳೆಕಾಯಿ ಕಪ್ಪಾಗುವುದೂ ಹೀಗೆಯೇ. ಗಾಳಿಯ ಆಮ್ಲಜನಕದೊಡನೆ ಕೂಡಿ ಬಣ್ಣವಿಲ್ಲದ ವಸ್ತು ಬಣ್ಣ ತಾಳುವ ಕ್ರಿಯೆ ಇದು. ಕೂದಲ ಬಣ್ಣದ ಗುಟ್ಟೂ ಇದೇ. ಅದರಲ್ಲಿರುವ ಮುಖ್ಯ ಪದಾರ್ಥದ ಹೆಸರು ಪ್ಯಾರಾಫಿನೈಲೀನ್ ಡೈಅಮೀನ್. ನಾಲಗೆಗೆ ಕಷ್ಟವಾದ ಈ ಹೆಸರನ್ನು ಪಿಪಿಡಿ ಎಂದು ಹ್ರಸ್ವ ಮಾಡಿ ಕರೆಯುತ್ತಾರೆ. ಕಲ್ಲಿದ್ದಲ ಡಾಂಬರಿನಿಂದ ಬಗೆಬಗೆಯ ಬಣ್ಣಗಳನ್ನು ಯೂರೋಪು ಹೊರತೆಗೆಯುತ್ತಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ, ಹಾಫ್‌ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಈ ವಸ್ತು ಆಮ್ಲಜನಕದ ಸಂಪರ್ಕದಿಂದ ಕಪ್ಪಾಗುವುದನ್ನು ಗುರುತಿಸಿದನು. 1907ರಲ್ಲಿ ಫ್ರಾನ್ಸಿನ ಯೂಜೀನ್ ಶ್ಯುಲೇರ್ ಎಂಬ ತರುಣ ರಸಾಯನಶಾಸ್ತ್ರಜ್ಞನು ಕೃತಕ ಕೂದಲ ಬಣ್ಣವನ್ನು ಸಿದ್ಧಪಡಿಸಿ ಪ್ಯಾರಿಸಿನ ಕ್ಷೌರಿಕರಿಗೆ ಮಾರತೊಡಗಿದನು. ಅಲ್ಲಿಂದ ಮುಂದೆ ಅದು ಲೋಕವ್ಯಾಪಿಯಾದ ಉದ್ಯಮವಾಯಿತು.

ಕೂದಲಿನ ಹೊರಮೈಯಲ್ಲಿ ಮೀನಿನ ಹುರುಪೆಯಂಥ ಪದರಗಳಿವೆ. ಬಣ್ಣದಲ್ಲಿರುವ ಅಮೋನಿಯಾದಂಥ ಕ್ಷಾರವು ಆ ಹುರುಪೆಗಳನ್ನು ಎತ್ತುತ್ತದೆ. ಪಿಪಿಡಿಯ ಅತಿಸೂಕ್ಷ್ಮ ಕಣಗಳು ಬಣ್ಣವಿಲ್ಲದೆಯೇ ಒಳಹೊಗುತ್ತವೆ. ಜತೆಗೆ ಬೆರೆಸುವ ಹೈಡ್ರೊಜನ್ ಪೆರಾಕ್ಸೈಡು ಅವುಗಳಿಗೆ ಆಮ್ಲಜನಕವನ್ನು ಒದಗಿಸಿದಾಗ ಕಣಗಳು ಒಂದಕ್ಕೊಂದು ಹೆಣೆದುಕೊಂಡು ದೊಡ್ಡವಾಗಿ, ಕಪ್ಪಾಗಿ, ಹೊರಬರಲಾರದೆ ಅಲ್ಲಿಯೇ ಉಳಿಯುತ್ತವೆ. ನೀರಿನಲ್ಲಿ ಕಲಸುವ ಪುಡಿಗಳಲ್ಲಿ ಆಮ್ಲಜನಕ ಕೊಡುವ ವಸ್ತುವನ್ನು ಪುಡಿಯಲ್ಲಿಯೇ ಬೆರೆಸಿರುತ್ತಾರೆ. ತೊಳೆದರೂ ಬಣ್ಣ ಹೋಗದಿರುವುದರ ಕಾರಣ ಇದು. ಆದರೆ ಕೂದಲಿನೊಳಗೆ ನುಗ್ಗುವಷ್ಟು ಸಣ್ಣದಾದ ಕಣ ಚರ್ಮದೊಳಕ್ಕೂ ನುಗ್ಗಬಲ್ಲದು. ಕೂದಲು ನಿರ್ಜೀವ ವಸ್ತು; ಅದಕ್ಕೆ ನೋವಿಲ್ಲ, ನೆನಪೂ ಇಲ್ಲ. ಚರ್ಮಕ್ಕೆ ಎರಡೂ ಇವೆ.

ಚರ್ಮಕ್ಕಾಗುವ ಬಾಧೆಯಲ್ಲಿ ಎರಡು ಬಗೆ. ಮೊದಲನೆಯದು ಬರಿಯ ಉರಿ. ಅಮೋನಿಯಾ, ಪೆರಾಕ್ಸೈಡುಗಳ ಖಾರದಿಂದ ಹಚ್ಚಿದ ಜಾಗದಲ್ಲಿ, ಹಚ್ಚಿದ ಹೊತ್ತಿನಲ್ಲಿಯೇ ಚುರುಗುಟ್ಟುತ್ತದೆ. ತಲೆಯಲ್ಲಿ ಗಾಯವಿದ್ದರೆ, ಕೆರೆದುಕೊಂಡಿದ್ದರೆ, ಹೇಳಿದ ಹೊತ್ತಿಗಿಂತ ಹೆಚ್ಚು ಕಾಲ ಬಿಟ್ಟರೆ, ಇದು ಯಾರಿಗಾದರೂ ಆಗಬಹುದು. ತೊಳೆದುಬಿಟ್ಟರೆ ಸಾಮಾನ್ಯವಾಗಿ ತಗ್ಗುತ್ತದೆ. ಎರಡನೆಯದು ಅಲರ್ಜಿ. ಈ ಪದವನ್ನು 1906ರಲ್ಲಿ ವಿಯೆನ್ನಾದ ಫಾನ್ ಪಿರ್ಕೆ ಎಂಬ ವೈದ್ಯನು ಗ್ರೀಕ್ ಧಾತುಗಳಿಂದ ಕಟ್ಟಿದನು. ‘ಬೇರೆ ಬಗೆಯ ಪ್ರತಿಕ್ರಿಯೆ’ ಎಂಬುದು ಅದರ ಭಾವ. ನಮ್ಮ ಆಡುಮಾತಿನಲ್ಲಿ ‘ಮೈಗೆ ಒಗ್ಗದಿರುವುದು’ ಎನ್ನುತ್ತೇವೆ.

‘ಇಪ್ಪತ್ತು ವರ್ಷ ಒಗ್ಗಿದ್ದು ಈಗೇಕೆ ಒಗ್ಗದಾಯಿತು?’ ಎಂಬುದೇ ವೈದ್ಯರಿಗೆ ನಾನು ಹಾಕಿದ ಪ್ರಶ್ನೆ. ಅವರು ಕೊಟ್ಟ ಉತ್ತರ ನಮ್ಮ ಹೊಲದ ಬದುವಿನಿಂದಲೇ ಬಂತು. “ಕಾಂಗ್ರೆಸ್ ಗಿಡವನ್ನು ಕೀಳುವ ರೈತರನ್ನು ನೋಡಿದ್ದೀರಲ್ಲ, ಸಾರ್?” ಎಂದರು. ಹೌದು, ನೋಡಿದ್ದೆ. 1950ರ ದಶಕದಲ್ಲಿ ಪುಣೆಯ ಸುತ್ತ ಕಣ್ಣಿಗೆ ಬಿದ್ದು, ಬಳಿಕ ನಮ್ಮ ನಾಡನ್ನೆಲ್ಲ ಆವರಿಸಿದ ಪಾರ್ಥೇನಿಯಂ ಕಳೆಯನ್ನೇ ನಮ್ಮ ಜನ ಹಾಗೆ ಕರೆಯುವುದು. ಹತ್ತಾರು ವರ್ಷ ಅದನ್ನು ಬರಿಗೈಯಲ್ಲಿ ಕಿತ್ತ ರೈತನಿಗೆ ಏನೂ ಆಗಿರುವುದಿಲ್ಲ. ಒಂದು ವರ್ಷ ಇದ್ದಕ್ಕಿದ್ದಂತೆ ಮುಖ, ಕತ್ತು, ಮೊಣಕೈ ಮಡಿಕೆಗಳು ಕಪ್ಪಾಗಿ ದಪ್ಪವಾಗಿ ತುರಿಕೆ ಹತ್ತುತ್ತದೆ. ಆಮೇಲೆ ಗಿಡದ ಬಳಿ ಸುಳಿದರೂ ಸಾಕು, ಬಾಧೆ ಮರುಕಳಿಸುತ್ತದೆ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರಿನ ಕಾಯಿ, ಸಂಸ್ಕೃತದಲ್ಲಿ ಭಲ್ಲಾತಕವೆನ್ನುವುದು, ಕೆಲವರ ಕೊರಳಿನಲ್ಲಿ ಹುಣ್ಣೆಬ್ಬಿಸುತ್ತಿದ್ದುದೂ ಇದೇ ಜಾತಿಯ ಬಾಧೆ.

ಇದರ ಕ್ರಮ ಹೀಗೆ. ಚರ್ಮದೊಳಗೆ ಕಾವಲುಗಾರರಂತಿರುವ ಕೋಶಗಳಿವೆ. ಹೊರಗಿನ ವಸ್ತು ಒಳನುಗ್ಗಿದಾಗ ಅವು ಅದರ ಗುರುತನ್ನು ಹೊತ್ತು ಹತ್ತಿರದ ದುಗ್ಧರಸ ಗ್ರಂಥಿಗೆ ಒಯ್ಯುತ್ತವೆ. ಅಲ್ಲಿನ ರೋಗನಿರೋಧಕ ಕೋಶಗಳು ಎಂದೋ ಒಂದು ದಿನ ಅದನ್ನು ಶತ್ರುವೆಂದು ತೀರ್ಮಾನಿಸಿದರೆ, ಆ ತೀರ್ಮಾನವನ್ನು ನೆನಪಿಟ್ಟುಕೊಂಡ ಕೋಶಗಳು ಮೈತುಂಬ ಹರಡುತ್ತವೆ. ಈ ಸಿದ್ಧತೆ ನಡೆಯುವಾಗ ನಮಗೆ ಹೊರಗೆ ಏನೂ ತಿಳಿಯದು. ಮೊದಲ ಸಲವೇ ಆಗಬಹುದು, ಇಪ್ಪತ್ತು ವರ್ಷಗಳ ಮೇಲೂ ಆಗಬಹುದು. ಒಮ್ಮೆ ತೀರ್ಮಾನವಾಯಿತೆಂದರೆ ಮುಂದಿನ ಸಲ ಬಣ್ಣ ತಗಲಿದ ಒಂದೆರಡು ದಿನಗಳಲ್ಲಿ ಆ ಕೋಶಗಳೆಲ್ಲ ಕೂಡಿಬಂದು ಮುತ್ತುತ್ತವೆ. ಊತ, ಉರಿ, ಗುಳ್ಳೆ, ನೀರೊಸರುವುದು ಇವೆಲ್ಲ ಆ ಮುತ್ತಿಗೆಯ ಫಲ. ಶುಕ್ರವಾರ ಹಚ್ಚಿದ್ದು ಭಾನುವಾರ ಕಣ್ಣು ಮುಚ್ಚಿಸಿದುದಕ್ಕೆ ಕಾರಣ ಇದೇ. ಹಚ್ಚಿದ ಹೊತ್ತಿನಲ್ಲಿ ಏನೂ ಆಗಲಿಲ್ಲವೆಂಬುದು ಧೈರ್ಯಕ್ಕೆ ಆಧಾರವಲ್ಲ. ಇಷ್ಟು ದಿನ ಆಗಲಿಲ್ಲವೆಂಬುದಂತೂ ಆಧಾರವೇ ಅಲ್ಲ. ಚೀಟಿಯಲ್ಲಿ ‘ಪ್ರತಿಯೊಂದು ಸಲವೂ’ ಎಂದು ಬರೆದಿರುವುದರ ಮರ್ಮ ಇಲ್ಲಿದೆ.

ವಿಚಿತ್ರವೆಂದರೆ ಹಚ್ಚಿದ್ದು ತಲೆಗಾದರೂ ತಲೆಯ ಚರ್ಮಕ್ಕಿಂತ ಹೆಚ್ಚಾಗಿ ಹಣೆಯ ಅಂಚು, ಕಿವಿ, ಕುತ್ತಿಗೆ, ರೆಪ್ಪೆಗಳಲ್ಲಿ ಬಾಧೆ ಕಾಣಿಸುತ್ತದೆ. ತಲೆಯ ಚರ್ಮ ದಪ್ಪ, ರೆಪ್ಪೆಯ ಚರ್ಮ ತೆಳು. ಆದುದರಿಂದ ಕಣ್ಣು ಊದಿದಾಗ ‘ಕಣ್ಣಿಗೇನೋ ಆಗಿದೆ’ ಎಂದು ಹನಿಮದ್ದು ಹುಡುಕುವವರುಂಟು. ಅಮೆರಿಕದ ಸ್ಪರ್ಶಜನ್ಯ ಚರ್ಮರೋಗ ತಜ್ಞರ ಸಂಘವು ವರ್ಷಕ್ಕೊಂದು ಅಲರ್ಜಿಕಾರಕ ವಸ್ತುವನ್ನು ಜನರ ಗಮನಕ್ಕೆ ತರುವ ಪದ್ಧತಿಯಿಟ್ಟುಕೊಂಡಿದೆ; 2006ರಲ್ಲಿ ಆ ‘ಗೌರವ’ ಪಿಪಿಡಿಗೆ ಸಂದಿತು. ಯೂರೋಪಿನ ದೇಶಗಳಲ್ಲಿ ತಲೆಗೆ ಹಚ್ಚುವ ಹೊತ್ತಿಗೆ ಬಣ್ಣದಲ್ಲಿ ಅದರ ಪ್ರಮಾಣ ನೂರಕ್ಕೆ 2ನ್ನು ಮೀರಕೂಡದೆಂಬ ಕಟ್ಟಳೆಯಿದೆ.

ಇಲ್ಲಿ ನಮ್ಮ ಜನರಲ್ಲಿರುವ ಒಂದು ದೊಡ್ಡ ಭ್ರಮೆಯ ಮಾತು ಹೇಳಬೇಕು. “ನಾನು ಬಣ್ಣ ಹಚ್ಚುವುದಿಲ್ಲಪ್ಪ, ಮೆಹೆಂದಿ ಹಚ್ಚುತ್ತೇನೆ” ಎನ್ನುವವರು ಬಹಳ ಜನ. ಗೋರಂಟಿ ಎಲೆ ನಮ್ಮ ಹಿತ್ತಿಲದ್ದು. ಅದು ಕೊಡುವುದು ಕೆಂಪು, ಹೆಚ್ಚೆಂದರೆ ಕೆಂಗಂದು. ಬರಿಯ ಗೋರಂಟಿಯಿಂದ ಕೂದಲು ಕಪ್ಪಾಗುವುದಿಲ್ಲ. ನೀಲಿಸೊಪ್ಪಿನ ಪುಡಿಯನ್ನು ಮೇಲೆ ಹಚ್ಚಿ ಗಂಟೆಗಟ್ಟಲೆ ಕಾದರೆ ಕಪ್ಪಿನ ಹತ್ತಿರ ಬಂದೀತು. ಹಾಗಲ್ಲದೆ ಅರ್ಧ ಗಂಟೆಯಲ್ಲಿ ಕಾಡಿಗೆಯಂತೆ ಕಪ್ಪಾಗಿಸುವ ‘ಕಪ್ಪು ಮೆಹೆಂದಿ’ ಎಂಬುದರಲ್ಲಿ ಸಾಮಾನ್ಯವಾಗಿ ಇರುವುದು ಪಿಪಿಡಿಯೇ. ಗಿಡಮೂಲಿಕೆಯ ಚಿತ್ರ ಪೊಟ್ಟಣದ ಮೇಲಿದ್ದ ಮಾತ್ರಕ್ಕೆ ಒಳಗಿನ ಪುಡಿ ಗಿಡಮೂಲಿಕೆಯಾಗುವುದಿಲ್ಲ. ನಾನು ಕೊಂಡ ಪೊಟ್ಟಣದ ಮೇಲೂ ಎಲೆಯ ಚಿತ್ರವಿತ್ತು. ‘ಅಮೋನಿಯಾ ಇಲ್ಲ’ ಎಂಬ ಒಕ್ಕಣೆಯೂ ಪಿಪಿಡಿ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಅವು ಬೇರೆ ಬೇರೆ ಪದಾರ್ಥಗಳು. ಜಾತ್ರೆಗಳಲ್ಲಿ ಮಕ್ಕಳ ಕೈಗೆ ಕಪ್ಪು ಚಿತ್ತಾರ ಬರೆಸುವ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಅದರಲ್ಲಿಯೂ ಪಿಪಿಡಿ ಇರಬಹುದು, ಅದೂ ಹೆಚ್ಚಿನ ಪ್ರಮಾಣದಲ್ಲಿ. ಹಾಗೆ ಎಳವೆಯಲ್ಲಿ ಮೈ ಕೆರಳಿದ ಮಗು ಮುಂದೆ ದೊಡ್ಡವನಾಗಿ ಮೊದಲ ಸಲ ಕೂದಲಿಗೆ ಬಣ್ಣ ಹಚ್ಚಿದ ದಿನವೇ ಹಾಸಿಗೆ ಹಿಡಿಯಬಹುದು.

ಹಾಗಾದರೆ ಮಾಡಬೇಕಾದುದೇನು?

ಬಣ್ಣ ಹಚ್ಚಲೇಬೇಕೆನ್ನುವವರು ಪ್ರತಿ ಸಲವೂ ಮೊದಲು ಪರೀಕ್ಷಿಸಿಕೊಳ್ಳಿ. ನಿಯಮದಲ್ಲಿ ಒಂದು ದಿನವೆಂದಿದ್ದರೂ ಎರಡು ದಿನ ಕಾಯುವುದು ಲೇಸೆಂದು ತಜ್ಞರು ಹೇಳುತ್ತಾರೆ. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಮದುವೆಗೆ ಎರಡು ದಿನವಿರುವಾಗ ಹಚ್ಚಿಕೊಂಡವನಿಗೆ ಪರೀಕ್ಷೆಗೆ ಹೊತ್ತೆಲ್ಲಿ? ತಲೆಯಲ್ಲಿ ಹುಣ್ಣು, ಗಾಯಗಳಿದ್ದಾಗ ಹಚ್ಚಬೇಡಿ. ಹೇಳಿದ ಹೊತ್ತಿಗಿಂತ ಹೆಚ್ಚು ಬಿಡಬೇಡಿ. ಹುಬ್ಬಿಗೆ ಹಚ್ಚಲೇಬೇಡಿ. ಹಿಂದೆ ಒಮ್ಮೆ ತುರಿಕೆಯಾಗಿದ್ದರೆ ಅದನ್ನು ಪತ್ರವೆಂದು ತಿಳಿಯಿರಿ. ನನಗೆ ಅಂಥ ಎರಡು ಮೂರು ಪತ್ರಗಳು ಬಂದಿದ್ದವು, ನಾನು ಒಡೆದು ನೋಡಲಿಲ್ಲ. ಪೊಟ್ಟಣವನ್ನು ಮಕ್ಕಳ ಕೈಗೆ ಸಿಗದಂತಿಡಿ. ಅದು ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟುತ್ತದೆ, ಸ್ನಾಯುಗಳೂ ಮೂತ್ರಪಿಂಡಗಳೂ ಹಾಳಾಗುತ್ತವೆ, ಪ್ರಾಣಾಪಾಯದ ವಿಷವದು.

ಬಾಧೆ ಕಾಣಿಸಿಕೊಂಡರೆ ಕೂಡಲೆ ತಣ್ಣೀರಿನಿಂದಲೋ ಉಗುರು ಬೆಚ್ಚಗಿನ ನೀರಿನಿಂದಲೋ, ಸೌಮ್ಯವಾದ ಶಾಂಪೂ ಹಾಕಿ, ಧಾರಾಳವಾಗಿ ತೊಳೆಯಿರಿ. ಕೆರೆಯಬೇಡಿ. ಸುಣ್ಣ, ನಿಂಬೆರಸ, ಅಂಗಡಿಯವರು ಕೊಟ್ಟ ಮುಲಾಮು ಇವುಗಳ ಪ್ರಯೋಗ ಬೇಡ. ವೈದ್ಯರ ಬಳಿಗೆ ಹೋಗುವಾಗ ಪೊಟ್ಟಣವನ್ನು ಜತೆಯಲ್ಲಿ ಒಯ್ಯಿರಿ. ಊತ ಹೆಚ್ಚಾದಾಗ ಅವರು ಸ್ಟೀರಾಯ್ಡ್ ಮಾತ್ರೆಗಳನ್ನು ಕೆಲವು ದಿನಗಳ ಮಟ್ಟಿಗೆ ಕೊಡುವುದುಂಟು. ಅದು ಅವರ ತೀರ್ಮಾನಕ್ಕೆ ಬಿಟ್ಟದ್ದು, ನಾವಾಗಿ ಕೊಂಡು ನುಂಗುವಂಥದಲ್ಲ. ನಾಲಗೆ, ಗಂಟಲು ಊದಿದರೆ, ಉಸಿರಾಟಕ್ಕೆ ತೊಂದರೆಯಾದರೆ, ತಲೆ ಸುತ್ತಿದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಇಂಥದು ವಿರಳ, ಆದರೆ ಉಂಟು.

ನನ್ನ ಉರಿ ಇಳಿದು, ಚರ್ಮ ಹೊಟ್ಟಿನಂತೆ ಸುಲಿದು, ಮುಖ ಮೊದಲಿನಂತಾಗಲು ಎರಡು ವಾರಗಳು ಹಿಡಿದವು. ಅನಂತರ ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು. 1895ರಲ್ಲಿ ಯಾಡಾಸ್ಸೋನ್ ಎಂಬ ಜರ್ಮನ್ ಚರ್ಮವೈದ್ಯನು ರೂಢಿಗೆ ತಂದ ವಿಧಾನವದು. ಅನುಮಾನವಿರುವ ವಸ್ತುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಎರಡು ದಿನ ಚರ್ಮಕ್ಕೆ ತಾಗಿಸಿಟ್ಟು, ಪಟ್ಟಿ ಬಿಚ್ಚಿದಾಗಲೊಮ್ಮೆ, ಮತ್ತೊಂದೆರಡು ದಿನ ಕಳೆದು ಮತ್ತೊಮ್ಮೆ ನೋಡುತ್ತಾರೆ. ಪಿಪಿಡಿ ಇದ್ದ ಜಾಗ ಕೆಂಪಗೆ ಉಬ್ಬಿತ್ತು. ವೈದ್ಯೆ ಒಂದು ಕಾಗದದಲ್ಲಿ ಬರೆದುಕೊಟ್ಟರು: ಮುಂದೆಂದೂ ಈ ಬಣ್ಣ ಸಲ್ಲದು. ಹಲ್ಲಿನ ವೈದ್ಯರ ಬಳಿ ಹೋದಾಗಲೂ ಈ ಕಾಗದವನ್ನು ತೋರಿಸಬೇಕು. ಏಕೆಂದರೆ ಕೆಲವರಲ್ಲಿ, ಜೋಮು ಹಿಡಿಸುವ ಬೆಂಜೋಕೇನಿನಂಥ ಮದ್ದುಗಳೂ ಸಲ್ಫಾ ಗುಂಪಿನ ಔಷಧಗಳೂ ಬಟ್ಟೆಯ ಕೆಲವು ಗಾಢ ಬಣ್ಣಗಳೂ ಇದರ ನೆಂಟರಂತೆ ವರ್ತಿಸುತ್ತವೆ. ಈ ಕಾಗದವನ್ನು ಮಾತ್ರ ನಾನು ನಾಲ್ಕು ಸಲ ಓದಿದೆ.

ಇನ್ನೊಬ್ಬರ ಮಾತನ್ನು ಹೇಳದಿದ್ದರೆ ಈ ಭಾಷಣ ಅಪೂರ್ಣವಾದೀತು. ನಮ್ಮ ಸೀಮೆಯಲ್ಲಿ ಕ್ಷೌರದಂಗಡಿಯ ತರುಣನೊಬ್ಬನಿದ್ದಾನೆ. ನನ್ನ ಕಥೆ ಕೇಳಿ ಅವನು ಮೌನವಾಗಿ ತನ್ನ ಕೈಗಳನ್ನು ಚಾಚಿ ತೋರಿಸಿದ. ಬೆರಳ ಸಂದಿಗಳೆಲ್ಲ ಬಿರಿದು ರಕ್ತ ಜಿನುಗುತ್ತಿತ್ತು. “ಮೇಷ್ಟ್ರೇ, ನೀವು ತಿಂಗಳಿಗೊಂದು ಸಲ ಹಚ್ಚಿಕೊಂಡವರು; ನಾನು ದಿನಕ್ಕೆ ನಾಲ್ಕು ತಲೆಗೆ ಹಚ್ಚುವವನು” ಎಂದ. ನನಗೆ ಬಣ್ಣ ಬಿಟ್ಟರೆ ಹೋಗುವುದು ಒಂದು ಸೊಗಸು; ಅವನಿಗೆ ಹೋಗುವುದು ಅನ್ನ. ಅವನನ್ನೂ ದಾವಣಗೆರೆಗೆ ಕರೆದುಕೊಂಡು ಹೋದೆ. ತೆಳುವಾದ ರಬ್ಬರ್ ಕೈಗವಸಿನ ಮೂಲಕ ಈ ಬಣ್ಣ ಒಳಕ್ಕೆ ಇಳಿಯುತ್ತದೆಂದೂ, ನೈಟ್ರೈಲ್ ಎಂಬ ಬಗೆಯ ಕೈಗವಸು ತೊಟ್ಟು ಪ್ರತಿ ಸಲವೂ ಅದನ್ನು ಎಸೆಯಬೇಕೆಂದೂ ವೈದ್ಯೆ ತಿಳಿಸಿದರು. ಕಲಸುವಾಗಲೂ ತಲೆ ತೊಳೆಯುವಾಗಲೂ ಅದನ್ನು ತೆಗೆಯಕೂಡದೆಂದರು. ಈಗ ಅವನು ಹಾಗೆಯೇ ಮಾಡುತ್ತಿದ್ದಾನೆ. ಕೈ ಒಂದಿಷ್ಟು ವಾಸಿಯಾಗಿದೆ, ಪೂರ್ತಿಯಾಗಿಲ್ಲ. ಬಣ್ಣ ಹಚ್ಚಿಸಿಕೊಳ್ಳಲು ಅಂಗಡಿಗೆ ಹೋಗುವ ಹಿರಿಯರು, ಹಚ್ಚುವವನ ಕೈಗವಸಿಗೆಂದು ನಾಲ್ಕು ಕಾಸು ಹೆಚ್ಚು ಕೊಡಲು ಹಿಂಜರಿಯಬಾರದೆಂದು ನನ್ನ ಪ್ರಾರ್ಥನೆ.

ಕೊನೆಯದಾಗಿ ನರೆಯ ವಿಷಯ. ‘ನರೆ’ ಎಂಬುದು ಅಚ್ಚಗನ್ನಡದ ಹಳೆಯ ಪದ. ಕೆನ್ನೆಯ ನರೆಯನ್ನು ಮುಪ್ಪಿನ ಮೊದಲ ಗುರುತುಗಳಲ್ಲಿ ಒಂದಾಗಿ ಎಣಿಸಿ ಎಚ್ಚರಿಸಿದವರು ಬಸವಣ್ಣನವರು. ಕಾಳಿದಾಸನ ರಘುವಂಶದಲ್ಲಿ ಮುಪ್ಪು ನರೆಯ ವೇಷದಿಂದ ದಶರಥನ ಕಿವಿಯ ಬಳಿ ಬಂದು, ರಾಜ್ಯವನ್ನು ರಾಮನಿಗೆ ಒಪ್ಪಿಸೆಂದು ಗುಟ್ಟಾಗಿ ಹೇಳುತ್ತದೆ. ಇವನ್ನೆಲ್ಲ ತರಗತಿಯಲ್ಲಿ ಬಣ್ಣಿಸಿ ಹೇಳಿ, ಮನೆಗೆ ಬಂದು ಕಿವಿಯ ಬಳಿಯ ನರೆಗೆ ಬಣ್ಣ ಬಳಿದುಕೊಳ್ಳುತ್ತಿದ್ದೆ. ಇದನ್ನು ನಗುತ್ತಲೇ ಹೇಳುತ್ತಿದ್ದೇನೆ. ನರೆಯನ್ನು ಮರೆಮಾಡುವವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೆಲಸ ಹುಡುಕುವವರು, ಹತ್ತು ಜನರ ಮುಂದೆ ನಿಲ್ಲಬೇಕಾದವರು, ಚಿಕ್ಕ ವಯಸ್ಸಿನಲ್ಲಿಯೇ ತಲೆ ಬೆಳ್ಳಗಾದವರು, ಇವರಿಗೆಲ್ಲ ಅವರವರ ಕಾರಣಗಳಿವೆ. ಹಚ್ಚುವುದಾದರೆ ತಿಳಿದು ಹಚ್ಚಿ ಎಂಬುದಿಷ್ಟೇ ನನ್ನ ಮಾತು.

ಕಳೆದ ವೈಶಾಖದಲ್ಲಿ ತಂಗಿಯ ಕಿರಿಯ ಮಗಳ ಮದುವೆಯಾಯಿತು. ಹಿಂದಿನ ರಾತ್ರಿ ತಂಗಿ ಬಂದು, “ಅಣ್ಣಾ, ಈ ಸಲ ತಲೆಗೆ ಏನೂ ಹಚ್ಚಬೇಡ ಕಣೋ” ಎಂದಳು. ಏನನ್ನೂ ಹಚ್ಚಲಿಲ್ಲ. ಬೆಳ್ಳಗಿನ ತಲೆಯಲ್ಲಿಯೇ ಹುಡುಗಿಯ ಕೈಹಿಡಿದು ಹಸೆಗೆ ಕರೆತಂದೆ. ಅವಳ ಮುಖವನ್ನು ಕಣ್ತುಂಬ ನೋಡಿದೆ.

ನಿಮ್ಮ ಮನೆಯಲ್ಲಿಯೂ ಅಂಥ ಪೊಟ್ಟಣವೊಂದು ಇರಬಹುದು. ಇಂದು ಅದನ್ನು ಬಿಚ್ಚಿ ಚೀಟಿಯನ್ನು ಹೊರತೆಗೆಯಿರಿ. ಕಣ್ಣು ಮಂಜಾದ ಹಿರಿಯರಿದ್ದರೆ, ಓದು ಬಾರದವರಿದ್ದರೆ, ಪಕ್ಕದಲ್ಲಿ ಕುಳಿತು ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ಐದು ನಿಮಿಷದ ಕೆಲಸ.